ಗರ್ಭಕೊರಳಿನ ಕಪ್ಪು ಉಂಗುರ

ಗರ್ಭಕೊರಳಿನಲ್ಲಿ ಕ್ಯಾನ್ಸರ್ ಇದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಬಯಾಪ್ಸಿ. ಅಲ್ಲಿಂದ ಚಿವುಟಿ ತೆಗೆದ ಅಕ್ಕಿಕಾಳಿನಷ್ಟು ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಉತ್ತರ ಸಿಗುತ್ತದೆ. ಆದರೆ ಗಡ್ಡೆ ಎಷ್ಟು ದೊಡ್ಡದು, ಎಷ್ಟು ಆಳಕ್ಕೆ ಇಳಿದಿದೆ, ಕೊರಳಿನ ಗೋಡೆ ದಾಟಿ ಅಕ್ಕಪಕ್ಕಕ್ಕೆ ಹಬ್ಬಿದೆಯೇ ಎಂಬುದು ಆ ಚೂರಿನಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ಇಂದು ಇರುವ ಸಾಧನಗಳಲ್ಲಿ ಹೆಚ್ಚು ನೆಚ್ಚಬಹುದಾದದ್ದು ಎಂಆರ್‌ಐ ಸ್ಕ್ಯಾನ್. ಆಪರೇಷನ್ ಮಾಡಬೇಕೇ, ಮಾಡುವುದಾದರೆ ಎಷ್ಟು ತೆಗೆಯಬೇಕು, ಅಥವಾ ಕತ್ತಿ ಮುಟ್ಟದೆ ವಿಕಿರಣ ಚಿಕಿತ್ಸೆಗೇ ಹೋಗಬೇಕೇ ಎಂಬ ನಿರ್ಧಾರ ಬಹುಮಟ್ಟಿಗೆ ಈ ಚಿತ್ರಗಳ ಮೇಲೆ ನಿಂತಿದೆ.

ಗರ್ಭಕೋಶವನ್ನು ತಲೆಕೆಳಗಾಗಿ ಹಿಡಿದ ಸಣ್ಣ ಹೂಜಿಗೆ ಹೋಲಿಸಿದರೆ ಅದರ ಕೊರಳೇ ಗರ್ಭಕೊರಳು. ಉದ್ದ ಸುಮಾರು 3 ಸೆಂಟಿಮೀಟರ್. ಕೆಳತುದಿ ಯೋನಿಯೊಳಕ್ಕೆ ಚಾಚಿಕೊಂಡಿದ್ದರೆ, ಮೇಲ್ತುದಿ ಗರ್ಭಕೋಶದ ಒಡಲಿಗೆ ಸೇರಿಕೊಂಡಿದೆ. ಮುಂದೆ ಮೂತ್ರಕೋಶ, ಹಿಂದೆ ಮಲಾಶಯ. ಎಡಬಲದಲ್ಲಿ ಕೊಬ್ಬು, ರಕ್ತನಾಳ, ನರಗಳು ತುಂಬಿದ ಮೆತ್ತನೆಯ ಜಾಗವೊಂದಿದೆ. ವೈದ್ಯರು ಅದನ್ನು ಪ್ಯಾರಾಮೆಟ್ರಿಯಂ ಎನ್ನುತ್ತಾರೆ. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ ಈ ಜಾಗದ ಮೂಲಕವೇ, ಕೊರಳಿಗೆ ಸುಮಾರು ಎರಡು ಸೆಂಟಿಮೀಟರ್ ದೂರದಲ್ಲಿ, ಗರ್ಭಕೋಶಕ್ಕೆ ಹೋಗುವ ರಕ್ತನಾಳದ ಅಡಿಯಲ್ಲಿ ನುಸುಳಿ ಸಾಗುತ್ತದೆ. ಇಷ್ಟು ಇಕ್ಕಟ್ಟಾದ ನೆರೆಹೊರೆಯಲ್ಲಿ ಕೆಲವು ಮಿಲಿಮೀಟರ್‌ಗಳ ವ್ಯತ್ಯಾಸ ಇಡೀ ಚಿಕಿತ್ಸೆಯ ದಾರಿಯನ್ನೇ ಬದಲಿಸುತ್ತದೆ.

ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಜಗತ್ತಿನಲ್ಲಿ ಒಂದು ವರ್ಷಕ್ಕೆ ಸುಮಾರು 6.6 ಲಕ್ಷ ಮಹಿಳೆಯರಿಗೆ ಈ ಕಾಯಿಲೆ ಹೊಸದಾಗಿ ಕಾಣಿಸಿಕೊಳ್ಳುತ್ತದೆ; ಭಾರತದಲ್ಲೇ ಸುಮಾರು 1.27 ಲಕ್ಷ. ಇಲ್ಲಿ ವರ್ಷಕ್ಕೆ ಹತ್ತಿರಹತ್ತಿರ 80 ಸಾವಿರ ಮಂದಿ ಇದರಿಂದ ಸಾಯುತ್ತಾರೆ. ಕಾರಣ ಎಚ್‌ಪಿವಿ ಎಂಬ ವೈರಸ್. ಅದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಕಾಯಿಲೆಯ ಸುಳಿವುಗಳು ಹೆಂಗಸರು ಬಾಯಿಬಿಟ್ಟು ಹೇಳಿಕೊಳ್ಳಲು ಹಿಂಜರಿಯುವಂಥವು. ಗಂಡ ಹೆಂಡತಿ ಕೂಡಿದ ಮೇಲೆ ರಕ್ತ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ, ವಾಸನೆಯ ಬಿಳಿಸೆರಗು. ನಾಚಿಕೆಯಲ್ಲಿ ಕಳೆದುಹೋಗುವ ಆ ತಿಂಗಳುಗಳಲ್ಲಿ ಗಡ್ಡೆ ಬೆಳೆಯುತ್ತಲೇ ಇರುತ್ತದೆ.

ಈ ಕ್ಯಾನ್ಸರ್‌ಗೆ ಮುಖ್ಯವಾಗಿ ಎರಡು ಚಿಕಿತ್ಸೆಗಳು. ಒಂದು ಆಪರೇಷನ್: ಗರ್ಭಕೋಶವನ್ನು ಕೊರಳು, ಪಕ್ಕದ ಪ್ಯಾರಾಮೆಟ್ರಿಯಂ, ಯೋನಿಯ ಮೇಲ್ಭಾಗ ಮತ್ತು ಸೊಂಟದ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಸಮೇತ ತೆಗೆಯುವುದು. ವಿಯೆನ್ನಾದ ಅರ್ನ್ಸ್ಟ್ ವೆರ್ಟ್‌ಹೈಮ್ 1898ರಲ್ಲಿ ಮಾಡಿದ ಈ ಶಸ್ತ್ರಕ್ರಿಯೆಯ ಮೂಲ ರೂಪ ಈಗಲೂ ಉಳಿದಿದೆ. ಇನ್ನೊಂದು ವಿಕಿರಣ, ಜನ 'ಕರೆಂಟ್ ಕೊಡಿಸುವುದು' ಎನ್ನುವ ಚಿಕಿತ್ಸೆ. ಅದರ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧಿ. ಗಡ್ಡೆ ಚಿಕ್ಕದಾಗಿ ಕೊರಳಿನೊಳಗೇ ಇದ್ದರೆ ಆಪರೇಷನ್ ಸಾಕು. ಕಿರಿಯ ವಯಸ್ಸಿನವರಲ್ಲಿ ಅಂಡಾಶಯಗಳನ್ನು ಉಳಿಸಬಹುದು, ಯೋನಿ ಬಿಗಿದು ಕುಗ್ಗುವುದಿಲ್ಲ. ಗಡ್ಡೆ ದೊಡ್ಡದಾಗಿದ್ದರೆ, ಕೊರಳನ್ನು ದಾಟಿದ್ದರೆ, ವಿಕಿರಣವೇ ಸರಿಯಾದ ದಾರಿ.

ತೊಂದರೆ ಬರುವುದು ಎರಡೂ ಒಬ್ಬಳ ಮೇಲೆಯೇ ಬಿದ್ದಾಗ. ಇಟಲಿಯಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ಆರಂಭದ ಹಂತದ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ವಿಕಿರಣ ಕೊಟ್ಟು ನೋಡಿತು. ಐದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಎರಡರಲ್ಲೂ ಒಂದೇ: ನೂರಕ್ಕೆ 83. ಆದರೆ ತೀವ್ರ ತೊಂದರೆಗಳು ವಿಕಿರಣದ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ, ಆಪರೇಷನ್ ಗುಂಪಿನಲ್ಲಿ 28 ಮಂದಿಗೆ. ಆಪರೇಷನ್ ಆದವರಲ್ಲಿ ನೂರಕ್ಕೆ 64 ಮಂದಿಗೆ ಆಮೇಲೆ ವಿಕಿರಣವನ್ನೂ ಕೊಡಬೇಕಾಗಿ ಬಂದದ್ದು ಇದಕ್ಕೆ ದೊಡ್ಡ ಕಾರಣ. ಹೊಟ್ಟೆ ತೆರೆದು ಹೊಲಿದ ಜಾಗಕ್ಕೇ ವಿಕಿರಣ ಬಿದ್ದರೆ ಕರುಳು, ಮೂತ್ರಕೋಶಗಳಿಗೆ ಹಾನಿ ಹೆಚ್ಚು, ಕಾಲು ಬಾವು ಹೆಚ್ಚು. ಗಡ್ಡೆಯ ಎಲ್ಲೆ ಮೊದಲೇ ಸರಿಯಾಗಿ ತಿಳಿದಿದ್ದರೆ ಇವರಲ್ಲಿ ಹಲವರು ಒಂದೇ ಚಿಕಿತ್ಸೆಯಲ್ಲಿ ಗುಣವಾಗಬಹುದಿತ್ತು. ಶಸ್ತ್ರಕ್ರಿಯೆಗೆ ಮುಂಚಿನ ಎಂಆರ್‌ಐ ಬಹುಮಟ್ಟಿಗೆ ಈ ಎರಡನೆಯ ಪೆಟ್ಟನ್ನು ತಪ್ಪಿಸಲಿಕ್ಕಾಗಿಯೇ ಇರುವುದು.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ರಕ್ತಸ್ರಾವ ಎಂದು ಬಂದ ಹೆಂಗಸಿಗೆ ಯೋನಿಯನ್ನು ಅಗಲಿಸುವ ಸ್ಪೆಕ್ಯುಲಂ ಸಾಧನ ಹಾಕಿ ಕೊರಳನ್ನು ನೋಡದೆ, ಕೊರಳಿನ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪ್ಯಾಪ್ ಪರೀಕ್ಷೆಯನ್ನೂ ಮಾಡದೆ, 'ಗರ್ಭಕೋಶ ತೆಗೆಸಿಬಿಡಿ' ಎಂದು ಸಾಮಾನ್ಯ ಆಪರೇಷನ್ ಮಾಡಿ, ತೆಗೆದದ್ದನ್ನು ಲ್ಯಾಬಿಗೆ ಕಳಿಸಿದ ಮೇಲೆ ಕ್ಯಾನ್ಸರ್ ಎಂದು ಗೊತ್ತಾಗುವ ಪ್ರಕರಣಗಳು ಭಾರತದ ಕ್ಯಾನ್ಸರ್ ಆಸ್ಪತ್ರೆಗಳಿಗೆ ಹೊಸವಲ್ಲ. ಅಷ್ಟರಲ್ಲಿ ಗಡ್ಡೆಯನ್ನು ಕೊಯ್ದು ಹಾಕಿ ಆಗಿರುತ್ತದೆ. ಎಲ್ಲಿಯವರೆಗೆ ಹಬ್ಬಿತ್ತು ಎಂದು ಅಳೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಸರಿಯಾದ ಕ್ರಮ ಒಂದೇ: ಮೊದಲು ಕಣ್ಣಿನ ಮತ್ತು ಕೈಯ ಪರೀಕ್ಷೆ, ಆಮೇಲೆ ಬಯಾಪ್ಸಿ, ಕ್ಯಾನ್ಸರ್ ಎಂದು ಬಂದರೆ ಎಂಆರ್‌ಐ, ಕತ್ತಿಯ ಮಾತು ಕೊನೆಗೆ.

ಕಾಯಿಲೆಯನ್ನು ಹಂತಗಳಾಗಿ ವಿಂಗಡಿಸುವ ಪದ್ಧತಿ 1929ರಷ್ಟು ಹಳೆಯದು. ರಾಷ್ಟ್ರಸಂಘದ ಆರೋಗ್ಯ ವಿಭಾಗ ಬೇರೆಬೇರೆ ಆಸ್ಪತ್ರೆಗಳ ವಿಕಿರಣ ಚಿಕಿತ್ಸೆಯ ಫಲಿತಾಂಶಗಳನ್ನು ಹೋಲಿಸಲೆಂದು ಅದನ್ನು ರೂಪಿಸಿತು. ಮುಂದೆ ಫಿಗೊ ಎಂದು ಕರೆಯಲಾಗುವ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತಾರಾಷ್ಟ್ರೀಯ ಒಕ್ಕೂಟ ಅದರ ಹೊಣೆ ಹೊತ್ತಿತು. ದಶಕಗಳ ಕಾಲ ಹಂತ ನಿರ್ಧಾರವಾಗುತ್ತಿದ್ದದ್ದು ವೈದ್ಯರ ಬೆರಳುಗಳಿಂದ. ಯೋನಿ ಮತ್ತು ಗುದದ್ವಾರದ ಮೂಲಕ ಬೆರಳಿಟ್ಟು, ಬೇಕಾದರೆ ಅರಿವಳಿಕೆ ಕೊಟ್ಟು, ಗಡ್ಡೆಯ ಗಾತ್ರ ಎಷ್ಟು, ಪಕ್ಕದ ಅಂಗಾಂಶ ಮೆದುವಾಗಿದೆಯೇ ಗಡುಸಾಗಿದೆಯೇ ಎಂದು ತಡವಿ ತಿಳಿಯುವುದು. ಜೊತೆಗೆ ಎದೆಯ ಎಕ್ಸ್‌ರೇ, ಕಿಡ್ನಿಯ ಎಕ್ಸ್‌ರೇ, ಮೂತ್ರಕೋಶದೊಳಗೆ ದುರ್ಬೀನು. ಎಂಆರ್‌ಐ ಬಂದು ದಶಕಗಳು ಕಳೆದರೂ ಅದು ಹೇಳಿದ್ದು ಹಂತವನ್ನು ಬದಲಿಸುವಂತಿರಲಿಲ್ಲ. ಅದಕ್ಕೆ ನ್ಯಾಯವಾದ ಕಾರಣವೂ ಇತ್ತು. ಈ ಕಾಯಿಲೆಯ ಹೆಚ್ಚಿನ ಹೊರೆ ಬಡ ದೇಶಗಳ ಮೇಲಿದೆ. ಯಂತ್ರವಿಲ್ಲದ ಊರಿನ ರೋಗಿಯನ್ನೂ ಯಂತ್ರವಿರುವ ಊರಿನ ರೋಗಿಯನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಬೇಕು ಎಂಬುದು ಒಕ್ಕೂಟದ ಧೋರಣೆಯಾಗಿತ್ತು.

2018ರಲ್ಲಿ ಅದು ಬದಲಾಯಿತು. ಎಲ್ಲಿ ಸ್ಕ್ಯಾನ್ ಸೌಲಭ್ಯ ಇದೆಯೋ ಅಲ್ಲಿ ಅದರ ಫಲಿತಾಂಶವನ್ನು ಹಂತಕ್ಕೆ ಸೇರಿಸಬಹುದು ಎಂದು ಫಿಗೊ ಒಪ್ಪಿತು. ಅಂದಿನಿಂದ ಒಂದನೆಯ ಹಂತದಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ, 5 ಮಿಲಿಮೀಟರ್‌ಗಿಂತ ಕಡಿಮೆ ಆಳದ ಕ್ಯಾನ್ಸರ್ 1ಎ. ಅದಕ್ಕಿಂತ ದೊಡ್ಡದಾಗಿ ಕೊರಳಿನಲ್ಲೇ ಇರುವುದು 1ಬಿ. ಈ 1ಬಿಯಲ್ಲಿ ಮತ್ತೆ ಮೂರು ಮೆಟ್ಟಿಲು: 2 ಸೆಂಟಿಮೀಟರ್‌ಗಿಂತ ಚಿಕ್ಕದು, 2ರಿಂದ 4, ಮತ್ತು 4 ಅಥವಾ ಅದಕ್ಕಿಂತ ದೊಡ್ಡದು. ಯೋನಿಯ ಮೇಲಿನ ಮೂರರಲ್ಲಿ ಎರಡು ಭಾಗಕ್ಕೆ ಹಬ್ಬಿದರೆ 2ಎ, ಪ್ಯಾರಾಮೆಟ್ರಿಯಂಗೆ ಹೋದರೆ 2ಬಿ. ಸಾಮಾನ್ಯವಾಗಿ ಶಸ್ತ್ರಕ್ರಿಯೆಯ ಗೆರೆ ಎಳೆಯುವುದು ಇಲ್ಲೇ. 2ಬಿ ಮತ್ತು ಅದರಾಚೆ, ಹಾಗೆಯೇ 4 ಸೆಂಟಿಮೀಟರ್ ಮುಟ್ಟಿದ ಗಡ್ಡೆಗಳಿಗೂ ಹೆಚ್ಚಾಗಿ ವಿಕಿರಣ ಮತ್ತು ಔಷಧಿಯ ಚಿಕಿತ್ಸೆಯನ್ನೇ ಆರಿಸಿಕೊಳ್ಳುತ್ತಾರೆ. ಅಂದರೆ ಎಂಆರ್‌ಐ ಮುಂದಿರುವ ಪ್ರಶ್ನೆಗಳು ಎಷ್ಟೇ ಇರಲಿ, ಮೊದಲನೆಯವು ಎರಡೇ: ಗಡ್ಡೆಯ ಅಳತೆ ಎಷ್ಟು, ಪಕ್ಕಕ್ಕೆ ದಾಟಿದೆಯೇ.

ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ. ಅಲ್ಲಿರುವುದು ಬಲವಾದ ಅಯಸ್ಕಾಂತ ಮತ್ತು ರೇಡಿಯೊ ತರಂಗ. ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವ 1.5 ಟೆಸ್ಲಾ ಯಂತ್ರದ ಅಯಸ್ಕಾಂತ ಭೂಮಿಯ ಕಾಂತಶಕ್ತಿಗಿಂತ ಸುಮಾರು 30 ಸಾವಿರ ಪಟ್ಟು ಬಲವಾದದ್ದು. ಮೈಯೊಳಗಿನ ನೀರು, ಕೊಬ್ಬುಗಳಲ್ಲಿರುವ ಹೈಡ್ರೋಜನ್ ಪರಮಾಣುಗಳ ತಿರುಳು ಪುಟ್ಟ ಬುಗುರಿಗಳಂತೆ ಈ ಕಾಂತಕ್ಷೇತ್ರದಲ್ಲಿ ಸಾಲುಗೂಡುತ್ತವೆ. ಎಫ್‌ಎಂ ರೇಡಿಯೊ ಅಲೆಗಳಿಗೆ ಹತ್ತಿರದ, ಸುಮಾರು 64 ಮೆಗಾಹರ್ಟ್ಸ್‌ನ ತರಂಗವನ್ನು ಒಂದು ಕ್ಷಣ ಬಿಟ್ಟರೆ ಬುಗುರಿಗಳು ವಾಲುತ್ತವೆ. ತರಂಗ ನಿಂತೊಡನೆ ಮೊದಲಿನ ಸ್ಥಿತಿಗೆ ಮರಳುತ್ತ ತಾವೇ ಸಣ್ಣ ಸಂಕೇತ ಹೊಮ್ಮಿಸುತ್ತವೆ. ನೀರು ಸಡಿಲವಾಗಿ ಓಡಾಡುವ ಕಡೆ ಈ ಸಂಕೇತ ಹೆಚ್ಚು ಹೊತ್ತು ಉಳಿಯುತ್ತದೆ, ಗಟ್ಟಿ ನಾರಿನ ನಡುವೆ ಬೇಗ ಆರಿಹೋಗುತ್ತದೆ. ಈ ವ್ಯತ್ಯಾಸವನ್ನು ಚಿತ್ರವಾಗಿಸುವ ವಿಧಾನ ಕಂಡುಹಿಡಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರ ನೊಬೆಲ್ ಸಂದಿತು.

ಗರ್ಭಕೊರಳಿನ ಮಟ್ಟಿಗೆ ಈ ವ್ಯತ್ಯಾಸ ವರವಾಗಿ ಒದಗಿದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಕೊರಳೂ ಗಡ್ಡೆಯೂ ಸರಿಸುಮಾರು ಒಂದೇ ಬೂದು ಬಣ್ಣ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಹೇಳುವುದು ಕಷ್ಟ. ಎಂಆರ್‌ಐಯ ಟಿ2 ಎಂಬ ಬಗೆಯ ಚಿತ್ರದಲ್ಲಿ ಕೊರಳು ಪದರ ಪದರವಾಗಿ ಬಿಡಿಸಿಟ್ಟಂತೆ ಕಾಣುತ್ತದೆ. ನಟ್ಟನಡುವೆ ಲೋಳೆ ತುಂಬಿದ ಕಾಲುವೆ, ಬೆಳ್ಳಗೆ. ಅದರ ಸುತ್ತ ನಾರು ಹೆಣೆದ ಗಟ್ಟಿ ಗೋಡೆ, ಕಪ್ಪಗೆ, ಉಂಗುರದಂತೆ. ಉಂಗುರದ ಆಚೆ ಪ್ಯಾರಾಮೆಟ್ರಿಯಂನ ಕೊಬ್ಬು, ಮತ್ತೆ ಬೆಳ್ಳಗೆ. ಗಡ್ಡೆ ಈ ಬಿಳಿ ಕಪ್ಪುಗಳ ನಡುವಿನ ಬೂದು ಬಣ್ಣದ್ದು. ಕಪ್ಪು ಉಂಗುರದೊಳಗೆ ಬೂದು ಮಚ್ಚೆಯೊಂದು ಎಷ್ಟು ದೂರ ಕೊರೆದುಕೊಂಡು ಹೋಗಿದೆ ಎಂಬುದನ್ನು ಅಭ್ಯಾಸವಿದ್ದ ಕಣ್ಣು ಮಿಲಿಮೀಟರ್ ಲೆಕ್ಕದಲ್ಲಿ ಓದಬಲ್ಲದು.

ಒಳ್ಳೆಯ ಚಿತ್ರ ಬರಬೇಕಾದರೆ ತಯಾರಿ ಬೇಕು. ಸ್ಕ್ಯಾನ್‌ಗೆ ನಾಲ್ಕರಿಂದ ಆರು ಗಂಟೆ ಮೊದಲು ಊಟ ನಿಲ್ಲಿಸಲು ಹೇಳುತ್ತಾರೆ, ಕರುಳಿನ ಚಲನೆ ಕಡಿಮೆಯಾಗಲೆಂದು. ಅದಕ್ಕೇ ಕರುಳನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸುವ ಇಂಜೆಕ್ಷನ್ ಕೂಡ ಕೊಡುವುದುಂಟು. ಮೂತ್ರಕೋಶ ಪೂರ್ತಿ ತುಂಬಿರಬಾರದು, ಪೂರ್ತಿ ಖಾಲಿಯೂ ಆಗಿರಬಾರದು. ಹೊರಗಿನ ಕೋಣೆಯಲ್ಲಿ ಮೈಮೇಲಿನ ಲೋಹವೆಲ್ಲ ಕಳಚಬೇಕು. ನಮ್ಮ ಹೆಂಗಸರ ವಿಷಯದಲ್ಲಿ ಇದಕ್ಕೇ ಹೊತ್ತು ಹಿಡಿಯುತ್ತದೆ. ಮದುವೆಯಂದು ತೊಡಿಸಿದ ಕಾಲುಂಗುರ ಬೆರಳಿಗೆ ಬಿಗಿದು ಕೂತಿರುತ್ತದೆ, ಸೋಪಿನ ನೀರು ಹಚ್ಚಿ ಮೆಲ್ಲಗೆ ತಿರುವಬೇಕು. ಮೂಗುತಿಯ ತಿರುಪು ಎಷ್ಟೋ ವರ್ಷದಿಂದ ಬಿಚ್ಚಿರುವುದಿಲ್ಲ. ತಾಳಿ ತೆಗೆಯಲು ಮನಸ್ಸೊಪ್ಪದವರು ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬರುತ್ತಾರೆ. ಚಿನ್ನ ಬೆಳ್ಳಿಯನ್ನು ಅಯಸ್ಕಾಂತ ಎಳೆಯದು ನಿಜ, ಆದರೆ ರೇಡಿಯೊ ತರಂಗಕ್ಕೆ ಲೋಹ ಬಿಸಿಯಾಗಬಹುದು, ಚಿತ್ರವೂ ಕೆಡಬಹುದು. ನಿಜವಾದ ಅಪಾಯ ತಾಳಿಸರಕ್ಕೆ ಸಿಕ್ಕಿಸಿಕೊಂಡ ಸೇಫ್ಟಿ ಪಿನ್ನಿನದು. ಉಕ್ಕಿನ ಪಿನ್ನು ಬಾಣದಂತೆ ಹಾರಿಹೋಗುತ್ತದೆ. ಎದೆಯಲ್ಲಿ ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗೆ ಅಳವಡಿಸಿದ ಯಂತ್ರ ಇದ್ದರೆ ತಪ್ಪದೆ ಮೊದಲೇ ಹೇಳಬೇಕು. ಕಾಪರ್-ಟಿ ಹಾಕಿಸಿಕೊಂಡವರು ಅಂಜಬೇಕಾಗಿಲ್ಲ, ತಿಳಿಸಿದರೆ ಸಾಕು.

ಮಲಗಿಸಿ ಕೆಳಹೊಟ್ಟೆಯ ಮೇಲೆ ಏಪ್ರನ್ನಿನಂಥ ಹೊದಿಕೆಯೊಂದನ್ನು ಕಟ್ಟುತ್ತಾರೆ. ಸಂಕೇತ ಹಿಡಿಯುವ ಆಂಟೆನಾ ಅದು. ಸುರಂಗದೊಳಗೆ ಮೂವತ್ತರಿಂದ ನಲವತ್ತು ನಿಮಿಷ. ತಗಡು ಬಡಿದಂಥ ಸದ್ದು ಬಿಟ್ಟು ಬಿಟ್ಟು ಬರುತ್ತದೆ, ಕಿವಿಗೆ ಬಿರಡೆ ಅಥವಾ ಹೆಡ್‌ಫೋನ್ ಕೊಡುತ್ತಾರೆ. ಕೈಯಲ್ಲೊಂದು ರಬ್ಬರ್ ಗುಂಡಿ ಇರುತ್ತದೆ, ಉಸಿರುಗಟ್ಟಿದಂತಾದರೆ ಒತ್ತಿದರಾಯಿತು. ನೋವೇನೂ ಇಲ್ಲ. ಇದನ್ನೆಲ್ಲ ಯಾರಾದರೂ ಐದು ನಿಮಿಷ ಕೂತು ಅವಳ ಮಾತಿನಲ್ಲೇ ಹೇಳಿದರೆ ಅವಳು ಅಲುಗಾಡದೆ ಮಲಗುತ್ತಾಳೆ. ಹೇಳದೆ ಒಳಗೆ ನೂಕಿದರೆ ಹೆದರಿಕೆಯಲ್ಲಿ ಅಲುಗಾಡಿ ಚಿತ್ರ ಮಸುಕಾಗುತ್ತದೆ. ಆ ಐದು ನಿಮಿಷವೂ ಪರೀಕ್ಷೆಯ ಭಾಗವೇ.

ಇನ್ನೊಂದು ವಿಷಯ ರೋಗಿಗೆ ಕಾಣದ್ದು, ಆದರೆ ಬಹಳ ಮುಖ್ಯವಾದದ್ದು. ಬಾಳೆದಿಂಡನ್ನು ನೇರ ಅಡ್ಡಕ್ಕೆ ಕೊಯ್ದರೆ ದುಂಡನೆಯ ಬಿಲ್ಲೆ ಬರುತ್ತದೆ, ಪದರಗಳು ಸುತ್ತಲೂ ಒಂದೇ ದಪ್ಪಕ್ಕೆ ಕಾಣುತ್ತವೆ. ಓರೆಯಾಗಿ ಕೊಯ್ದರೆ ಬಿಲ್ಲೆ ಉದ್ದುದ್ದ, ಪದರಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಗರ್ಭಕೊರಳು ಮೈಯೊಳಗೆ ನೆಟ್ಟಗೆ ನಿಂತಿಲ್ಲ. ಒಬ್ಬೊಬ್ಬರಲ್ಲಿ ಒಂದೊಂದು ಕಡೆಗೆ ವಾಲಿರುತ್ತದೆ. ಮೈಯ ಅಡ್ಡಕ್ಕೆ ಚಿತ್ರ ತೆಗೆದರೆ ಕೊರಳು ಓರೆಯಾಗಿ ಕೊಯ್ದಂತಾಗಿ, ಸರಿಯಾಗಿಯೇ ಇರುವ ಉಂಗುರ ಮುರಿದಂತೆ ತೋರಬಹುದು. ಆದ್ದರಿಂದ ಮೊದಲು ಪಕ್ಕದಿಂದ ನೋಡಿದಂಥ ಚಿತ್ರ ತೆಗೆದು, ಕೊರಳಿನ ವಾಲಿಕೆ ಗುರುತಿಸಿ, ಆ ಕೊರಳಿಗೆ ನೇರ ಅಡ್ಡವಾಗಿ ಮೂರು ನಾಲ್ಕು ಮಿಲಿಮೀಟರ್ ದಪ್ಪದ ಬಿಲ್ಲೆಗಳ ಚಿತ್ರ ಮತ್ತೊಮ್ಮೆ ತೆಗೆಯಬೇಕು. ಹೊಟ್ಟೆಯ ಸಾಮಾನ್ಯ ಸ್ಕ್ಯಾನ್ ಎಂದು ಬರೆದುಕೊಟ್ಟ ಚೀಟಿಯಿಂದ ಇದು ತಾನಾಗಿ ಆಗುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರ್‌ಗಾಗಿ ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಈ ಕೋನ ತಪ್ಪಿದ ಸ್ಕ್ಯಾನ್, ಎಷ್ಟು ದೊಡ್ಡ ಯಂತ್ರದಲ್ಲೇ ಮಾಡಿರಲಿ, ಅರ್ಧ ವ್ಯರ್ಥ.

ಚಿತ್ರ ಓದುವಾಗ ಮೊದಲ ಅಳತೆ ಗಾತ್ರದ್ದು. ಗಡ್ಡೆಯನ್ನು ಮೂರು ದಿಕ್ಕುಗಳಲ್ಲಿ ಅಳೆದು ಅತಿ ದೊಡ್ಡದನ್ನು ಬರೆಯುತ್ತಾರೆ. ಬೆರಳಿನ ಪರೀಕ್ಷೆ ಇಲ್ಲಿ ಹೆಚ್ಚಾಗಿ ಸೋಲುತ್ತದೆ: ಗಡ್ಡೆ ಕೊರಳಿನ ಕಾಲುವೆಯೊಳಗೆ ಮೇಲ್ಮುಖವಾಗಿ ಬೆಳೆದಿದ್ದರೆ ಬೆರಳಿಗೆ ಅದರ ತುದಿ ಮಾತ್ರ ಸಿಗುತ್ತದೆ. ಎರಡನೆಯದು ಆಳ, ಅಂದರೆ ಉಂಗುರದ ದಪ್ಪದಲ್ಲಿ ಎಷ್ಟು ಪಾಲನ್ನು ಗಡ್ಡೆ ತಿಂದಿದೆ. ಆಪರೇಷನ್ ಆದಮೇಲೆ ವಿಕಿರಣ ಬೇಕೇ ಎಂದು ನಿರ್ಧರಿಸುವ ಮೂರು ಮುಖ್ಯ ಅಂಶಗಳಲ್ಲಿ ಗಾತ್ರ ಮತ್ತು ಆಳ ಎರಡು. ಮೂರನೆಯದಾದ ಸೂಕ್ಷ್ಮ ನಾಳಗಳೊಳಗಿನ ಹರಡುವಿಕೆ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುತ್ತದೆ. ಮೊದಲಿನ ಎರಡನ್ನು ಕತ್ತಿ ಹಿಡಿಯುವ ಮುಂಚೆಯೇ ಎಂಆರ್‌ಐ ತಿಳಿಸಿಕೊಡುವುದರಿಂದ, ಹೇಗೂ ವಿಕಿರಣ ತಪ್ಪದು ಎನ್ನುವಂಥ ಹೆಂಗಸನ್ನು ಆಪರೇಷನ್‌ನಿಂದ ಪಾರುಮಾಡಬಹುದು.

ಆಳದ ಅಳತೆ ಇನ್ನೊಂದು ಬದಿಯಿಂದಲೂ ಉಪಯೋಗಕ್ಕೆ ಬಂದಿದೆ. ಚಿಕ್ಕ ಗಡ್ಡೆಗೂ ಪ್ಯಾರಾಮೆಟ್ರಿಯಂ ಸಮೇತ ತೆಗೆಯುವ ದೊಡ್ಡ ಆಪರೇಷನ್ನೇ ಬೇಕೇ ಎಂಬ ಪ್ರಶ್ನೆಗೆ 700 ಮಹಿಳೆಯರನ್ನೊಳಗೊಂಡ ಶೇಪ್ ಎಂಬ ಅಂತಾರಾಷ್ಟ್ರೀಯ ಅಧ್ಯಯನ 2024ರಲ್ಲಿ ಉತ್ತರ ಕೊಟ್ಟಿತು. ಗಡ್ಡೆ 2 ಸೆಂಟಿಮೀಟರ್ ಮೀರದೆ, ಎಂಆರ್‌ಐಯಲ್ಲಿ ಗೋಡೆಯ ಅರ್ಧಕ್ಕಿಂತ ಕಡಿಮೆ ಆಳಕ್ಕೆ ಇಳಿದಿದ್ದರೆ, ಅಥವಾ ಕೊರಳಿನಿಂದ ಕೊಯ್ದು ತೆಗೆದ ತುಂಡಿನಲ್ಲಿ ಆಳ 10 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ, ಅಂಥವರನ್ನು ಆರಿಸಿಕೊಳ್ಳಲಾಗಿತ್ತು. ಮೂರು ವರ್ಷಗಳಲ್ಲಿ ಸೊಂಟದೊಳಗೆ ಕ್ಯಾನ್ಸರ್ ಮರುಕಳಿಸಿದ್ದು ದೊಡ್ಡ ಆಪರೇಷನ್ ಆದವರಲ್ಲಿ ನೂರಕ್ಕೆ 2.2, ಪ್ಯಾರಾಮೆಟ್ರಿಯಂ ಉಳಿಸಿ ಮಾಡುವ ಚಿಕ್ಕ ಆಪರೇಷನ್ ಆದವರಲ್ಲಿ 2.5. ಹೆಚ್ಚುಕಡಿಮೆ ಒಂದೇ. ಮೂತ್ರ ಹಿಡಿದಿಟ್ಟುಕೊಳ್ಳಲಾಗದ ತೊಂದರೆ, ತಾನಾಗಿ ಮೂತ್ರ ಬರದ ತೊಂದರೆ ಚಿಕ್ಕ ಆಪರೇಷನ್ ಆದವರಲ್ಲಿ ಕಡಿಮೆ. ಚಿತ್ರದ ಮೇಲಿನ ಒಂದು ಅಳತೆ ಹೀಗೆ ಹೆಂಗಸಿನ ದಿನನಿತ್ಯದ ಬದುಕಿನವರೆಗೆ ಬರುತ್ತದೆ.

ಆಮೇಲೆ ಉಂಗುರದ ಪ್ರಶ್ನೆ. ಗಡ್ಡೆಯ ಸುತ್ತ ಕಪ್ಪು ಉಂಗುರ ಎಲ್ಲ ಕಡೆ ಅಖಂಡವಾಗಿ ಉಳಿದಿದ್ದರೆ ಪ್ಯಾರಾಮೆಟ್ರಿಯಂಗೆ ಕಾಯಿಲೆ ಹೋಗಿಲ್ಲ ಎಂದು ಬಹಳ ಧೈರ್ಯವಾಗಿ ಹೇಳಬಹುದು. ಎಂಆರ್‌ಐ ಕೊಡುವ ಅತಿ ನಂಬಿಕಸ್ಥ ಉತ್ತರ ಇದೇ. ಉಂಗುರ ಒಂದು ಕಡೆ ಮುರಿದಿದ್ದರೆ ಮಾತ್ರ ಅಷ್ಟೇ ಧೈರ್ಯ ಸಲ್ಲದು. ಬೂದು ಗಡ್ಡೆ ಮುರಿದ ಜಾಗದಿಂದ ಗಂಟುಗಂಟಾಗಿ ಕೊಬ್ಬಿನೊಳಕ್ಕೆ ಚಾಚಿರಬೇಕು, ಅಲ್ಲಿನ ರಕ್ತನಾಳಗಳನ್ನು ಸುತ್ತಿಕೊಂಡಿರಬೇಕು. ಆಗಷ್ಟೇ 2ಬಿ ಎನ್ನುವುದು. ದೊಡ್ಡ ಗಡ್ಡೆ ಒತ್ತಿದ ಒತ್ತಡಕ್ಕೆ ಗೋಡೆ ಬಾವು ಬಂದು ಬೆಳ್ಳಗಾಗಿ, ಒಡೆಯದ ಉಂಗುರವೂ ಒಡೆದಂತೆ ಕಾಣುವುದುಂಟು.

ಅಮೆರಿಕದ 25 ಆಸ್ಪತ್ರೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಪರೇಷನ್‌ಗೆ ಸಿದ್ಧರಾದ ಮಹಿಳೆಯರಲ್ಲಿ ಕಾಯಿಲೆ 2ಬಿ ಅಥವಾ ಅದಕ್ಕಿಂತ ಮುಂದೆ ಹೋಗಿದ್ದನ್ನು ಯಾವುದು ಎಷ್ಟು ಹಿಡಿಯಿತು ಎಂದು ನೋಡಿತು. ಕೈಪರೀಕ್ಷೆ ನೂರಕ್ಕೆ 29, ಸಿ.ಟಿ. 42, ಎಂಆರ್‌ಐ 53. ಎಂಆರ್‌ಐ ಮುಂದಿತ್ತು, ಆದರೆ ಅದೂ ಅರ್ಧದಷ್ಟನ್ನೇ ಹಿಡಿದದ್ದು. ಆಗಿನ ಯಂತ್ರಗಳು ಹಳೆಯವು, ಸ್ಪಷ್ಟವಾಗಿ ಮುಂದುವರಿದ ರೋಗಿಗಳು ಆ ಗುಂಪಿನಲ್ಲಿ ಇರಲಿಲ್ಲ ಎಂಬ ಸಮಾಧಾನ ಇದೆ. ಆದರೂ ಈ ಅಂಕಿ ನೆನಪಿನಲ್ಲಿರಬೇಕಾದದ್ದು. ಅದೇ ಅಧ್ಯಯನದಲ್ಲಿ ಕೈಪರೀಕ್ಷೆಯು 'ದಾಟಿದೆ' ಎಂದು ಹೇಳಿದಾಗ ತಪ್ಪಿದ್ದು ತೀರಾ ವಿರಳ. ಎಂಆರ್‌ಐ ಮಾತ್ರ ದಾಟದ ಕೆಲವರಲ್ಲೂ ದಾಟಿದೆ ಎಂದಿತ್ತು. ಆದ್ದರಿಂದಲೇ ಅನುಭವಿ ಸ್ತ್ರೀರೋಗ ತಜ್ಞೆಯ ಬೆರಳನ್ನು ಯಂತ್ರ ಬದಿಗೆ ಸರಿಸಿಲ್ಲ. ಎರಡೂ ಕೂಡಿದಾಗಲೇ ತೀರ್ಮಾನ ಗಟ್ಟಿ. ನುರಿತ ಕೈಯಲ್ಲಿ ಯೋನಿ ಅಥವಾ ಗುದದ್ವಾರದ ಮೂಲಕ ಮಾಡುವ ಅಲ್ಟ್ರಾಸೌಂಡ್ ಕೂಡ ಎಂಆರ್‌ಐಗೆ ಸಮನಾಗಿ ನಿಲ್ಲಬಲ್ಲದು ಎಂದು ಯುರೋಪಿನ ತಜ್ಞರು ಒಪ್ಪಿದ್ದಾರೆ.

ಮಕ್ಕಳಿಲ್ಲದ ಕಿರಿಯ ಹೆಂಗಸಿಗೆ ಇನ್ನೊಂದು ಅಳತೆ ಎಲ್ಲಕ್ಕಿಂತ ದೊಡ್ಡದು: ಗಡ್ಡೆಯ ಮೇಲ್ತುದಿಗೂ ಕೊರಳು ಗರ್ಭಕೋಶಕ್ಕೆ ಸೇರುವ ಒಳಬಾಯಿಗೂ ನಡುವಿನ ಅಂತರ. ಫ್ರಾನ್ಸಿನ ಲಿಯಾನ್ ನಗರದ ಡೇನಿಯಲ್ ದಾರ್ಜಾಂ 1987ರಲ್ಲಿ ಗರ್ಭಕೊರಳನ್ನು ತೆಗೆದು ಗರ್ಭಕೋಶವನ್ನು ಯೋನಿಗೆ ಹೊಲಿದು ಉಳಿಸುವ ಆಪರೇಷನ್ ಮಾಡಿದರು. ಆ ದಾರಿ ಹಿಡಿದ ಎಷ್ಟೋ ಮಂದಿ ಮುಂದೆ ತಾಯಂದಿರಾಗಿದ್ದಾರೆ. ಅದಕ್ಕೆ ಗಡ್ಡೆ ಸಾಮಾನ್ಯವಾಗಿ 2 ಸೆಂಟಿಮೀಟರ್ ಒಳಗಿರಬೇಕು, ಒಳಬಾಯಿಯಿಂದ ಕನಿಷ್ಠ 1 ಸೆಂಟಿಮೀಟರ್ ದೂರವಿರಬೇಕು. ಪಕ್ಕನೋಟದ ಚಿತ್ರದಲ್ಲಿ ಮುಂದೆ ಬೆಳ್ಳಗಿನ ಮೂತ್ರಕೋಶ, ಹಿಂದೆ ಮಲಾಶಯ, ನಡುವೆ ಬಾಗಿದ ಗರ್ಭಕೋಶ ಒಂದೇ ಹಾಳೆಯಲ್ಲಿ ಕಾಣುತ್ತವೆ. ಗರ್ಭಕೋಶದ ಸೊಂಟ ಕಿರಿದಾಗುವ, ಬದಿಗಳಿಂದ ರಕ್ತನಾಳಗಳು ಬಂದು ಸೇರುವ ಜಾಗವೇ ಒಳಬಾಯಿ. ಅಲ್ಲಿಗೊಂದು ಗೆರೆ, ಗಡ್ಡೆಯ ತುದಿಗೊಂದು ಗೆರೆ ಎಳೆದು ನಡುವಿನ ಅಂತರ ಅಳೆಯುತ್ತಾರೆ. ಎಂಟು ಮಿಲಿಮೀಟರ್ ಬಂದರೆ ಒಂದು ಮಾತು, ಹದಿನೈದು ಬಂದರೆ ಬೇರೆಯೇ ಮಾತು.

ಉಳಿದ ಗಡಿಗಳನ್ನೂ ನೋಡಬೇಕು. ಯೋನಿಯ ಕೆಳಗಿನ ಮೂರನೆಯ ಭಾಗದವರೆಗೆ ಕಾಯಿಲೆ ಇಳಿದಿದ್ದರೆ ಅದು 3ಎ. ಸೊಂಟದ ಗೋಡೆಯ ಸ್ನಾಯು ಮುಟ್ಟಿದ್ದರೆ, ಅಥವಾ ಮೂತ್ರನಾಳ ಅಮುಕಿ ಮೇಲೆ ಕಿಡ್ನಿ ಊದಿದ್ದರೆ 3ಬಿ. ಇದಕ್ಕಾಗಿಯೇ ಸ್ಕ್ಯಾನ್ ಸೊಂಟಕ್ಕೆ ನಿಲ್ಲದೆ ಕಿಡ್ನಿಯ ಮಟ್ಟದವರೆಗೆ ಹೋಗಬೇಕು. ಮೂತ್ರಕೋಶದ ಮತ್ತು ಮಲಾಶಯದ ಗೋಡೆಗಳು ಟಿ2 ಚಿತ್ರದಲ್ಲಿ ಕಪ್ಪು ಗೆರೆಗಳು. ಆ ಗೆರೆ ಉಳಿದಿದ್ದರೆ ದುರ್ಬೀನು ಹಾಕಿ ನೋಡುವ ಕಷ್ಟ ರೋಗಿಗೆ ತಪ್ಪುತ್ತದೆ. ಮುರಿದಂತೆ ಕಂಡರೆ ನೋಡಿ, ಚೂರು ತೆಗೆದು ಖಚಿತಪಡಿಸಿಕೊಳ್ಳಬೇಕು. ಒಳಪೊರೆ ಊದಿಕೊಂಡ ಮಾತ್ರಕ್ಕೆ, ಕಾಯಿಲೆ ಈ ಅಂಗಗಳಿಗೂ ಹೊಕ್ಕ ನಾಲ್ಕನೆಯ ಹಂತ ಎನ್ನುವುದಿಲ್ಲ.

ದುಗ್ಧಗ್ರಂಥಿಗಳ ವಿಷಯದಲ್ಲಿ 2018ರ ಬದಲಾವಣೆ ದೊಡ್ಡದು. ಗಡ್ಡೆ ಒಂದೂವರೆ ಸೆಂಟಿಮೀಟರ್ ಇದ್ದರೂ ಸೊಂಟದ ಗ್ರಂಥಿಗೆ ಕ್ಯಾನ್ಸರ್ ಹೋಗಿದ್ದರೆ ಈಗ ಅದು ನೇರ 3ಸಿ ಹಂತ, ಆಪರೇಷನ್‌ನ ಗೆರೆಯಾಚೆ. ಆದರೆ ಎಂಆರ್‌ಐ ಇಲ್ಲಿ ದುರ್ಬಲ. ಗ್ರಂಥಿಯ ಅಡ್ಡಗಲ 8–10 ಮಿಲಿಮೀಟರ್ ಮೀರಿದೆಯೇ, ಅಂಚು ಒರಟಾಗಿದೆಯೇ, ನಡುವೆ ಕೊಳೆತಿದೆಯೇ ಎಂದು ನೋಡಬಹುದು. ಸೋಂಕಿನಿಂದ ಊದಿದ ಗ್ರಂಥಿಯೂ ದೊಡ್ಡದಾಗಿ ಕಾಣುತ್ತದೆ. ಕ್ಯಾನ್ಸರ್ ಕಣ ಹೊಕ್ಕ ಪುಟ್ಟ ಗ್ರಂಥಿ ಸಹಜವಾಗಿಯೇ ಕಾಣುತ್ತದೆ. ನೀರಿನ ಕಣಗಳ ಓಡಾಟವನ್ನು ಅಳೆಯುವ ಡಿಫ್ಯೂಷನ್ ಚಿತ್ರದಲ್ಲಿ ಜೀವಕೋಶಗಳು ಒತ್ತೊತ್ತಾಗಿರುವ ಗಡ್ಡೆ ದೀಪದಂತೆ ಬೆಳಗುತ್ತದೆ, ಚಿಕ್ಕ ಗಡ್ಡೆ ಹುಡುಕಲು ಅದು ಬಹಳ ಉಪಯುಕ್ತ. ಆದರೆ ಆರೋಗ್ಯವಂತ ಗ್ರಂಥಿಗಳೂ ಅದರಲ್ಲಿ ಬೆಳಗುತ್ತವೆ. ಗ್ರಂಥಿಗಳ ಬಗ್ಗೆ ಅನುಮಾನ ಇದ್ದರೆ ಪೆಟ್-ಸಿ.ಟಿ., ಇಲ್ಲವೇ ಆಪರೇಷನ್ ಹೊತ್ತಿನಲ್ಲಿ ಗಡ್ಡೆಯಿಂದ ದುಗ್ಧರಸ ಮೊದಲು ಹರಿದು ಸೇರುವ ಗ್ರಂಥಿಯನ್ನು ತೆಗೆದು ಪರೀಕ್ಷಿಸುವುದು ದಾರಿ.

ಚಿತ್ರ ದಾರಿ ತಪ್ಪಿಸುವ ಸಂದರ್ಭಗಳು ಇನ್ನೂ ಇವೆ. ಬಯಾಪ್ಸಿ ಆದ ಮರುದಿನವೇ ಸ್ಕ್ಯಾನ್ ಮಾಡಿದರೆ ಗಾಯದ ಬಾವು, ರಕ್ತ ಎಲ್ಲ ಗಡ್ಡೆಯಂತೆ ಕಾಣುತ್ತವೆ. ವಾರ ಹತ್ತು ದಿನ ಬಿಡುವುದು ಒಳ್ಳೆಯದು. 1ಎ ಹಂತದ ಕ್ಯಾನ್ಸರ್ ಎಂಆರ್‌ಐಗೆ ಕಾಣುವುದೇ ಇಲ್ಲ. ಆದ್ದರಿಂದ 'ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಎಂದರು' ಎಂದು ನಿರಾಳವಾಗಿ ಮನೆಗೆ ಹೋಗಿ ಕೂರುವಂತಿಲ್ಲ. ಬಯಾಪ್ಸಿ ಹೌದು ಎಂದಿದ್ದರೆ ಅದು ಹೌದೇ. ಬಸುರಿಯರಲ್ಲಿ ಕಾಯಿಲೆ ಕಂಡುಬಂದರೆ ಎಂಆರ್‌ಐ ಮಾಡಬಹುದು, ಗ್ಯಾಡೋಲಿನಿಯಂ ಎಂಬ ಬಣ್ಣದ ಇಂಜೆಕ್ಷನ್ ಮಾತ್ರ ಕೊಡುವುದಿಲ್ಲ. ಕಿಡ್ನಿ ತೀರಾ ಸೋತವರಲ್ಲೂ ಆ ಇಂಜೆಕ್ಷನ್ ಬಗ್ಗೆ ಎಚ್ಚರ ಬೇಕು. ಅದೃಷ್ಟಕ್ಕೆ ಟಿ2 ಮತ್ತು ಡಿಫ್ಯೂಷನ್ ಚಿತ್ರಗಳಿಗೆ ಅದು ಬೇಕಾಗಿಯೇ ಇಲ್ಲ.

ವರದಿಯಲ್ಲಿ 'ಗರ್ಭಕೊರಳಿನಲ್ಲಿ ಗಡ್ಡೆ ಕಂಡುಬಂದಿದೆ' ಎಂದಷ್ಟೇ ಬರೆದಿದ್ದರೆ ಅದರಿಂದ ಶಸ್ತ್ರವೈದ್ಯರಿಗೆ ಏನೂ ಸಿಗದು. ಮೂರು ದಿಕ್ಕಿನ ಅಳತೆ, ಉಳಿದಿರುವ ಗೋಡೆಯ ದಪ್ಪ, ಉಂಗುರ ಯಾವ ಬದಿಯಲ್ಲಿ ಮುರಿದಿದೆ, ಒಳಬಾಯಿಗೆ ಎಷ್ಟು ದೂರ, ಯೋನಿಯ ಎಲ್ಲಿಯವರೆಗೆ, ಯಾವ ಗ್ರಂಥಿ ಎಷ್ಟು ದೊಡ್ಡದು, ಎರಡೂ ಕಿಡ್ನಿ ಹೇಗಿವೆ ಎಂಬುದೆಲ್ಲ ಅಂಕಿಯಲ್ಲಿ ಇರಬೇಕು. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಒಬ್ಬ ರೋಗಿಯ ಚಿಕಿತ್ಸೆಯನ್ನು ಒಬ್ಬರೇ ನಿರ್ಧರಿಸುವುದಿಲ್ಲ. ಶಸ್ತ್ರವೈದ್ಯರು, ವಿಕಿರಣ ತಜ್ಞರು, ಸ್ಕ್ಯಾನ್ ಓದುವವರು, ಚೂರು ನೋಡುವ ಪೆಥಾಲಜಿಸ್ಟರು ಒಟ್ಟಿಗೆ ಕೂತು ಚಿತ್ರಗಳನ್ನು ಪರದೆಯ ಮೇಲೆ ನೋಡುತ್ತಾರೆ. ಸ್ಕ್ಯಾನ್ ಆಧಾರದ ಮೇಲೆ 3ಸಿ ಹಂತ ಬರೆದರೆ ಅದರ ಜೊತೆಗೆ 'ಆರ್' ಎಂಬ ಅಕ್ಷರ ಸೇರಿಸುತ್ತಾರೆ, ಲ್ಯಾಬಿನ ಪರೀಕ್ಷೆಯ ಮೇಲೆ ಬರೆದರೆ 'ಪಿ'. ಆಪರೇಷನ್ ಆಗಿ, ತೆಗೆದ ಕೊರಳು ಲ್ಯಾಬಿಗೆ ಹೋಗಿ, ಪೆಥಾಲಜಿಸ್ಟ್ ಅದನ್ನು ಬಿಲ್ಲೆಗಳಾಗಿ ಕೊಯ್ದು ಅಳೆದ ಮೇಲೆ ಹಂತವನ್ನು ಮತ್ತೊಮ್ಮೆ ಬರೆಯಲಾಗುತ್ತದೆ. ಸ್ಕ್ಯಾನ್ ಹೇಳಿದ್ದೂ ಲ್ಯಾಬ್ ಹೇಳಿದ್ದೂ ಹೊಂದದಿದ್ದಾಗ ಹಳೆಯ ಚಿತ್ರಗಳನ್ನು ಮತ್ತೆ ತೆರೆದು, ಉಂಗುರದ ಯಾವ ಬದಿಯನ್ನು ತಪ್ಪಾಗಿ ಓದಿದೆವು ಎಂದು ರೇಡಿಯಾಲಜಿಸ್ಟರು ಹುಡುಕುತ್ತಾರೆ.